ಬಂದರು ಬಂತು, ಯಾರ್ಯಾರು ಬಂದರು?

ನಂಜನಗೂಡು ರಸ್ತೆಯಲ್ಲಿ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ‘ಬಂದರಿಗೆ ಐದೇ ನಿಮಿಷ! ಥರ್ಟಿ-ಫಾರ್ಟಿ ಸೈಟುಗಳು.’ ಚಾಮುಂಡಿ ಬೆಟ್ಟದ ಮುಂದೆ ಒಂದು ದೊಡ್ಡ ಹಡಗು, ಅದರ ಕೆಳಗೆ ನೀಲಿ ನೀರು. ಕಡಕೊಳದಲ್ಲಿ ಕಂಟೈನರ್ ಡಿಪೋ ಇರುವುದು ನಿಜ. ಅಂಥದ್ದಕ್ಕೆ ‘ಒಣ ಬಂದರು’ ಅಂತಾರೆ. ಒಣ ಅನ್ನುವುದನ್ನು ಫ್ಲೆಕ್ಸಿನವರು ನುಂಗಿಕೊಂಡಿದ್ದಾರೆ, ಅಷ್ಟೇ. ನಮ್ಮೂರಿನ ಸೈಟುಗಳ ಕಥೆ ಈಗ ಬೇಡ, ಅದು ಬೇರೆಯೇ ಪುರಾಣ.

ಸುಮ್ನೆ ಇರಲಾರದೆ ಆ ನಂಬರಿಗೆ ಫೋನ್ ಮಾಡಿದೆ.

“ಸಾರ್, ಪೋರ್ಟ್ ಬಂದು ಉದ್ಧಾರ ಆಗದೇ ಇರೋ ಒಂದು ಊರು ಹೇಳಿ ನೋಡೋಣ” ಅಂದ ಬ್ರೋಕರ್.

“ಗ್ವಾಯಾಕಿಲ್” ಅಂದೆ.

“ಅದ್ಯಾವ ತಾಲ್ಲೂಕು ಸಾರ್?”

ಈಕ್ವೆಡಾರ್ ದೇಶದ ಬಂದರು ಊರಪ್ಪ. ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಬಾಳೆಹಣ್ಣು ಹೊರಗೆ ಕಳಿಸುವ ದೇಶ ಅದು. ಅಧ್ಯಕ್ಷ ಡೇನಿಯಲ್ ನೊಬೊವಾ ಕೂಡ ಬಾಳೆ ವ್ಯಾಪಾರದ ಮನೆಯ ಮಗ. ಎಷ್ಟು ಸೊಗಸಾದ ಅಭಿವೃದ್ಧಿ! 2023ರ ಆಗಸ್ಟಿನಲ್ಲಿ ಸ್ಪೇನಿನವರು ಆ ದೇಶದಿಂದ ಬಂದ ಬಾಳೆಹಣ್ಣಿನ ಪೆಟ್ಟಿಗೆಗಳನ್ನು ಬಿಚ್ಚಿದರೆ, ಒಳಗೆ ಒಂಬತ್ತೂವರೆ ಟನ್ ಕೊಕೇನ್.

ಬಾಳೆಹಣ್ಣೇ ಯಾಕೆ ಅಂತೀರಾ? ಕೊಳೆಯುತ್ತೆ, ಅದಕ್ಕೆ. ತಡೆದು ನಿಲ್ಲಿಸಿದಷ್ಟೂ ನಷ್ಟ. ಎಲ್ಲ ಕಂಟೈನರ್ ಬಿಚ್ಚಿ ನೋಡಲು ಹೊರಟರೆ ವ್ಯಾಪಾರವೇ ನಿಂತುಹೋಗುತ್ತೆ. ನಮ್ಮ ದೇವರಾಜ ಮಾರುಕಟ್ಟೆಗೆ ಬನ್ನಿ. ಹೆಂಗಸರು ಚಿಪ್ಪು ತಿರುಗಿಸಿ, ತೊಟ್ಟು ಒತ್ತಿ, ಮೂಸಿ ನೋಡಿ, ಒಂದು ಹಣ್ಣು ಕಿತ್ತು ಮಗುವಿಗೆ ತಿನ್ನಿಸಿ, ಆಮೇಲೆ ‘ಬೇಡ’ ಅಂತ ಹೋಗುತ್ತಾರೆ. ಅಂಥಾ ತಪಾಸಣೆ ಯಾವ ಕಸ್ಟಮ್ಸಿನಲ್ಲೂ ಇಲ್ಲ. ನಂಜನಗೂಡು ರಸಬಾಳೆ ಸೊರಗು ರೋಗಕ್ಕೆ ಸಿಕ್ಕಿ ಅಪರೂಪವಾಯಿತಲ್ಲ, ಪಾಪ. ಅದರ ಬುಟ್ಟಿಯೊಳಗೆ ಕೊನೆತನಕ ರಸಬಾಳೆಯೇ ಇತ್ತು.

ಪೆಟ್ಟಿಗೆಯೊಳಗೆ ಮಾಲು ತುಂಬಬೇಕಾದರೆ ಗೇಟು ಕಾಯುವವನು ಬೇಕು, ಲಾರಿ ಡ್ರೈವರ್ ಬೇಕು, ಸೀಲ್ ಹಾಕುವವನು ಬೇಕು. ದುಡ್ಡು ತಗೋ, ಇಲ್ಲ ಗುಂಡು ತಗೋ. ಆ ಗೇಟು ಯಾವ ಗ್ಯಾಂಗಿಗೆ ಅಂತ ಓಣಿ ಓಣಿಯಲ್ಲಿ ಜಗಳ. 2018ರಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು 6 ಕೊಲೆ ಆಗುತ್ತಿದ್ದ ದೇಶ, 2023ಕ್ಕೆ 40 ದಾಟಿತು. 2024ರ ಜನವರಿ 9ರಂದು ಮುಸುಕು ಹಾಕಿಕೊಂಡವರು ಗ್ವಾಯಾಕಿಲ್‌ನ ಟಿವಿ ಸ್ಟುಡಿಯೋಗೇ ನುಗ್ಗಿದರು, ನೇರ ಪ್ರಸಾರದಲ್ಲಿ. ನಮ್ಮ ಚಾನೆಲ್‌ಗಳಲ್ಲಿ ಕಿರುಚಾಡುವವರ ಕೈಯಲ್ಲಿ ಬಂದೂಕು ಇರಲ್ಲ, ಅದೇ ಪುಣ್ಯ.

“ಅದೆಲ್ಲ ಫಾರಿನ್ ಸಾರ್” ಅಂದ.

ಫಾರಿನ್ನೇ ಇರಲಿ. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಪೌಡರ್ ಮಾಡುವ ಟಾಲ್ಕ್ ಕಲ್ಲು ಅಂತ ಬರೆಸಿಕೊಂಡು ಬಂದದ್ದು ಸುಮಾರು 3,000 ಕೆಜಿ ಹೆರಾಯಿನ್. 2025ರ ಜುಲೈನಲ್ಲಿ ಮೈಸೂರಿನೊಳಗೇ ಡ್ರಗ್ಸ್ ತಯಾರಾಗುತ್ತಿದೆ ಅಂತ ತೋರಿಸಲು ಮುಂಬೈ ಪೊಲೀಸರು ಬಂದರು. ಬಂದರು ಬರುವ ಮೊದಲೇ ಅವರು ಬಂದರು!

ಇಷ್ಟು ಹೊತ್ತು ತಮಾಷೆ ಮಾಡಿದೆ. ಬುಯೆನವೆಂತುರಾ ಅಂತ ಇನ್ನೊಂದು ಊರಿದೆ, ಅಲ್ಲಿ ಮಾತ್ರ ನನಗೆ ತಮಾಷೆ ಹುಟ್ಟಲ್ಲ. ಕೊಲಂಬಿಯಾದ ಪೆಸಿಫಿಕ್ ತೀರದ ದೊಡ್ಡ ಬಂದರು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮರದ ಮನೆಗಳು. ಅಂಥ ಮನೆಗಳೊಳಗೇ ಗ್ಯಾಂಗಿನವರು ಜನರನ್ನು ಜೀವಂತ ಕತ್ತರಿಸಿದರು. ಕೂಗು ಪಕ್ಕದ ಮನೆಗೆ ಕೇಳುತ್ತಿತ್ತು. ಬಂದರು ದೊಡ್ಡದಾಯಿತು, ಜನ ಗಂಟುಮೂಟೆ ಕಟ್ಟಿ ಓಡಿದರು. ಅದೇ ಊರಿನ ನಲ್ಲಿಯಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತಿತ್ತು. 2017ರಲ್ಲಿ ಜನ ನೀರು ಕೊಡಿ, ಆಸ್ಪತ್ರೆ ಕೊಡಿ ಅಂತ 22 ದಿನ ರಸ್ತೆಯಲ್ಲಿ ಕೂತರು. ನಾನು ಮಂಡ್ಯದ ಕಡೆಯವನು. ನೀರಿಗಾಗಿ ಸಂಜಯ ವೃತ್ತದಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬುಯೆನವೆಂತುರಾಗೆ ಆಗ ಪೊಲೀಸರು ಬಂದರು. ಯಾಕೆ? ಕಂಟೈನರ್ ಲಾರಿಗಳನ್ನು ದಾಟಿಸಲು. ಮನೆಯಲ್ಲಿ ಕತ್ತರಿಸುವಾಗ ಎಲ್ಲಿದ್ರಿ ಮಾರಾಯ್ರೇ? ಪೆಟ್ಟಿಗೆಗೆ ಸೀಲು, ನಂಬರು, ವಿಮೆ, ಕಾವಲು ಎಲ್ಲ ಇದೆ. ಅಲ್ಲಿನ ತಾಯಂದಿರ ಮಕ್ಕಳಿಗೆ ಒಂದೂ ಇರಲಿಲ್ಲ.

ಬ್ರೋಕರ್ ಸ್ವಲ್ಪ ಹೊತ್ತು ಸುಮ್ಮನಿದ್ದ. ಮನಸ್ಸಿಗೆ ತಟ್ಟಿತೇನೋ ಅಂದುಕೊಂಡೆ.

“ಅರ್ಥ ಆಯ್ತು ಸಾರ್” ಅಂದ. “ಹಂಗಾದ್ರೆ ನೀವು ಗೇಟೆಡ್ ಲೇಔಟ್ ನೋಡಿ. ಹತ್ತಡಿ ಕಾಂಪೌಂಡು, ಸಿಸಿ ಕ್ಯಾಮೆರಾ. ಸ್ಕ್ವೇರ್ ಫೀಟಿಗೆ ಇನ್ನೂರು ಜಾಸ್ತಿ ಅಷ್ಟೇ.”