ಹೈಬೀಮ್ ಮಹಾರಾಜರಿಗೆ ದಾರಿ ಬಿಡಿ

ನಮ್ಮ ಕಣ್ಣಿನ ಬಗ್ಗೆ ಸರ್ಕಾರ 1989ರಲ್ಲೇ ಯೋಚಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದನ್ನು ಓದಿ. ಹೆಡ್‌ಲೈಟಿನಿಂದ 8 ಮೀಟರ್ ಮುಂದೆ, ಗಾಡಿಯ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಇರುವ ಕಣ್ಣಿಗೆ ಬೆಳಕು ಕುಕ್ಕಬಾರದು. ಎಷ್ಟು ಕರಾರುವಾಕ್ಕು! ರಾತ್ರಿ ತುಮಕೂರು ರಸ್ತೆಯಲ್ಲಿ ಟೇಪು ಹಿಡಿದು ಆ ಜಾಗದಲ್ಲಿ ನಿಲ್ಲುವ ಒಬ್ಬ ಪುಣ್ಯಾತ್ಮ ಸಿಕ್ಕಿದರೆ ಸಾಕು. ಮರುದಿನ ವರದಿ ಕೊಡೋಕೆ ಅವನು ಇರ್ತಾನಾ ಅನ್ನೋದು ಬೇರೆ ಮಾತು.

ಈ ನಿಯಮಕ್ಕೆ ಉತ್ತರ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. "ಸಾರ್, ಕಂಪನಿ ಬಲ್ಬು ಸುಮ್ನೆ ಮಿಣಿಮಿಣಿ ಅನ್ನುತ್ತೆ. ಈ ಎಲ್‌ಇಡಿ ಹಾಕ್ಸಿ, ರಾತ್ರೀನ ಹಗಲು ಮಾಡ್ಬಿಡುತ್ತೆ. ಫಿಟ್ಟಿಂಗ್ ಫ್ರೀ." ಹೆಡ್‌ಲೈಟಿನ ಒಳಗಿನ ಹೊಳೆಯುವ ಬಟ್ಟಲನ್ನು ಹ್ಯಾಲೊಜೆನ್ ಬಲ್ಬಿನ ತಂತಿ ಎಲ್ಲಿ ಕೂರುತ್ತದೋ ಆ ಲೆಕ್ಕಕ್ಕೇ ಮಾಡಿರುತ್ತಾರೆ. ಅದಕ್ಕೆ ಕಂಡಕಂಡ ಎಲ್‌ಇಡಿ ತುರುಕಿದರೆ ಬೆಳಕು ರಸ್ತೆ ಬಿಟ್ಟು ಎದುರಿನವನ ಕಣ್ಣಿಗೂ ಮರದ ತುದಿಗೂ ಚೆಲ್ಲಾಡುತ್ತದೆ. ಇರಲಿ ಬಿಡಿ, ಮರದ ಮೇಲಿನ ಕಾಗೆಗೂ ಬೇಗ ಬೆಳಗಾಗಬೇಕಲ್ವಾ.

2024ರ ಜುಲೈ 1ರಿಂದ ಇಂಥ ದೀಪಗಳ ಮೇಲೆ ಕೇಸು ಅಂತ ರಾಜ್ಯದ ಪೊಲೀಸರು ಸಾರಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್, ಮೊದಲ ಸಲಕ್ಕೆ 500 ರೂಪಾಯಿವರೆಗೆ ದಂಡ. ಒಳ್ಳೆ ಬಲ್ಬಿಗೆ ಇದಕ್ಕಿಂತ ಜಾಸ್ತಿ ಕೊಟ್ಟಿರ್ತೀವಿ. ಮಾರುವವನ ಅಂಗಡಿ ಮಾತ್ರ ತೆರೆದೇ ಇದೆ. ಕೊಂಡಿದ್ದಕ್ಕೆ ಜಿಎಸ್‌ಟಿ, ಉರಿಸಿದ್ದಕ್ಕೆ ದಂಡ. ಖಜಾನೆಗಂತೂ ಎರಡೂ ಕಡೆ ಬೆಳಕು.

ಹಾಗಂತ ದೂರಕ್ಕೆ ನೇರ ಹೊಡೆಯುವ ಹೈಬೀಮನ್ನು ಕೆಳಗಿಳಿಸುವ ಡಿಪ್ ಸ್ವಿಚ್ಚು ಎಲ್ಲಿದೆ ಅಂತ ಜನಕ್ಕೆ ಗೊತ್ತಿಲ್ಲ ಅಂದ್ಕೋಬೇಡಿ. ಇದು ಮರ್ಯಾದೆ ಪ್ರಶ್ನೆ. "ಅವನು ಮೊದಲು ಇಳಿಸ್ಲಿ, ಆಮೇಲೆ ನಾನು." ಅವನೂ ಅದನ್ನೇ ಅಂದುಕೊಂಡು ಬರ್ತಿರ್ತಾನೆ. ಇಬ್ಬರಿಗೂ ರಸ್ತೆ ಕಾಣಲ್ಲ, ಆದರೆ ಯಾರೂ ಸೋತಿಲ್ಲ. ರಾತ್ರಿ ಡಿಪ್ಪರ್ ಬಳಸಿ ಅಂತ ಲಾರಿಗಳ ಹಿಂದೆ ಬರೆದಿರುತ್ತದೆ. ಹಿಂದೆ ಬರೆದಿರೋದರಿಂದ ಆ ಲಾರಿಯ ಡ್ರೈವರ್ ಒಬ್ಬನಿಗೆ ಮಾತ್ರ ಅದನ್ನು ಓದುವ ಯೋಗವಿಲ್ಲ.

ಇಷ್ಟೆಲ್ಲ ಬೆಳಕಿನ ನಡುವೆ ಮಂಡ್ಯದ ಕಡೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತದೆ. ಎಂಜಿನ್ ಮೇಲೆ ಬಣ್ಣಬಣ್ಣದ ಸೀರಿಯಲ್ ಸೆಟ್, ಬಾನೆಟ್ಟಿಗೆ ಹೆಚ್ಚುವರಿ ದೀಪ, ಸೀಟಿನ ಪಕ್ಕ ಎದೆ ನಡುಗಿಸುವ ಸ್ಪೀಕರ್. ಹಿಂದಿನ ಟ್ರೈಲರಿನಲ್ಲಿ ಒಂದಾಳು ಉದ್ದಕ್ಕೆ ಕಬ್ಬು ಹೊರಗೆ ಚಾಚಿರುತ್ತದೆ. ಅಲ್ಲಿ ಒಂದು ಕೆಂಪು ದೀಪ ಇಲ್ಲ, ಹತ್ತಿಪ್ಪತ್ತು ರೂಪಾಯಿಯ ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ಹೈಬೀಮಿಗೆ ಕಣ್ಣು ಕತ್ತಲೆ ಬಂದವನು ಮುಂದಿನ ಕ್ಷಣ ಸೇರೋದು ಅದರ ಕೆಳಕ್ಕೇ.

ಎಲ್‌ಎಲ್‌ಆರ್ ಅಂದರೆ ಕಲಿಕಾ ಲೈಸೆನ್ಸಿನ ಪರೀಕ್ಷೆಯ ಪ್ರಶ್ನೆಗಳಲ್ಲಿ ಇದೂ ಉಂಟು: ರಾತ್ರಿ ಎದುರಿನಿಂದ ವಾಹನ ಬಂದರೆ ಏನು ಮಾಡಬೇಕು? ಹೆಡ್‌ಲೈಟ್ ಡಿಮ್ ಮಾಡಬೇಕು ಅಂತ ಎಲ್ಲರೂ ಒತ್ತಿ ಪಾಸಾಗ್ತಾರೆ. ಓಡಿಸಿ ತೋರಿಸೋದು ಮಾತ್ರ ಹಗಲಲ್ಲಿ. ಚೆನ್ನಾಗಿ ಬಿಸಿಲು ಬಂದ ಮೇಲೆ ರಿವರ್ಸ್ ತೆಗೆದು, ಏರಿನಲ್ಲಿ ನಿಲ್ಲಿಸಿ, ಇಂಡಿಕೇಟರ್ ಹಾಕಿ ಇಳಿದರೆ ಆಯ್ತು. ಲೈಟಿನ ಸ್ವಿಚ್ಚು ಯಾರೂ ಮುಟ್ಟಿಸಲ್ಲ. ಕೈಗೆ ಸಿಗೋ ಡಿಎಲ್ ಅಂತೂ ಅಮಾವಾಸ್ಯೆ ರಾತ್ರಿಗೂ ಚಲ್ತಿ.