ಟಿವಿಯಿಂದ ಹಾಡು ಹೋಯ್ತು, ನಷ್ಟ ಆಯ್ತಾ? ಪರ-ವಿರೋಧ

ಎರಡೂ ಕಡೆ ನಾನೇ ವಾದ ಮಾಡ್ತೀನಿ, ಯಾಕಂದ್ರೆ ಈ ವಿಷ್ಯದಲ್ಲಿ ನನಗೇ ಎರಡು ಮನಸ್ಸು.

ಪರ: ಹೌದು, ದೊಡ್ಡ ನಷ್ಟನೇ

"ನಮ್ ಕಾಲದಲ್ಲಿ ಹಾಗಿತ್ತು ಹೀಗಿತ್ತು" ಅನ್ನೋ ಗೋಳು ಅಲ್ಲ ಇದು. ಟಿವಿಯಲ್ಲಿ ಹಾಡು ಬರ್ತಿದ್ದಾಗ ನಾವು ಹುಡುಕದೇ ಇದ್ದ ಹಾಡೂ ಕಿವಿಗೆ ಬೀಳ್ತಿತ್ತು, ಅಷ್ಟೇ ನನ್ನ ವಾದ. ಒಂದು ಹಾಡಿಗೆ ಕಾಯ್ತಾ ಕೂತ್ರೆ ಮಧ್ಯೆ ಬೇರೆ ಆರು ಹಾಡು ನೋಡ್ಲೇಬೇಕಿತ್ತು, ಅದರಲ್ಲಿ ನಾಲ್ಕು ತಲೆನೋವು, ಒಂದು ಪರವಾಗಿಲ್ಲ, ಇನ್ನೊಂದು ಜೀವನಪೂರ್ತಿ ತಲೇಲಿ ಕೂತ್ಬಿಡೋದು.

ಉದಾಹರಣೆ ಬೇಕಾ? 1981ರ ಆಗಸ್ಟ್ 1ಕ್ಕೆ ಅಮೆರಿಕದಲ್ಲಿ ಶುರುವಾದ ಹಾಡಿನ ಚಾನೆಲ್ ಎಂಟಿವಿಯಲ್ಲಿ '120 ಮಿನಿಟ್ಸ್' ಅಂತ ಒಂದು ಪ್ರೋಗ್ರಾಂ ಇತ್ತು, ಭಾನುವಾರ ರಾತ್ರಿ ಎಲ್ಲರೂ ಮಲಗೋ ಹೊತ್ತಲ್ಲಿ ಬರ್ತಿತ್ತು. 1991ರ ಸೆಪ್ಟೆಂಬರಲ್ಲಿ ನಿರ್ವಾಣ ಬ್ಯಾಂಡಿನ ಹೊಸ ವಿಡಿಯೋ ಮೊದಲು ಬಂದಿದ್ದು ಅಲ್ಲೇ. ಮಾರನೇ ಜನವರಿ ಹೊತ್ತಿಗೆ ಅವರ ಆಲ್ಬಂ ಮೈಕಲ್ ಜಾಕ್ಸನ್ ಆಲ್ಬಂನ ಕೆಳಗಿಳಿಸಿ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಂಬರ್ ಒನ್ ಆಯ್ತು. ಯಾರೋ ಒಬ್ರು ಕೂತು "ಇದನ್ನ ಹಾಕೋಣ" ಅಂತ ಆರಿಸಿದ್ರು ನೋಡಿ, ಆ ಆರಿಸೋರೇ ಈಗ ಇಲ್ಲ. ಈಗ ಇರೋದು ನಾನು ನಿನ್ನೆ ಕೇಳಿದ್ದನ್ನೇ ಇವತ್ತೂ ತಂದು ಬಡಿಸೋ ಆಪ್.

ಇನ್ನು ಕಾಯೋ ಮಜಾನೇ ಬೇರೆ. ವಿಸಿಆರ್‌ಗೆ ಕ್ಯಾಸೆಟ್ ಹಾಕಿ ರೆಕಾರ್ಡ್ ಬಟನ್ ಮೇಲೆ ಬೆರಳಿಟ್ಕೊಂಡು ಕೂರ್ತಿದ್ದೆ, ಆದ್ರೆ ನಾವು ಕಾಯ್ತಿರೋ ಹಾಡು ಇದೇ ಅಂತ ಗೊತ್ತಾಗೋ ಹೊತ್ತಿಗೆ ಅದು ಶುರುವಾಗಿ ಏಳೆಂಟು ಸೆಕೆಂಡ್ ಆಗಿರ್ತಿತ್ತು, ಬಟನ್ ಒತ್ತಿದ್ಮೇಲೆ ಟೇಪ್ ತಿರುಗೋಕೆ ಇನ್ನೆರಡು ಸೆಕೆಂಡು, ಹಾಗಾಗಿ ನನ್ನ ಕ್ಯಾಸೆಟ್ಟಲ್ಲಿದ್ದ ಒಂದು ಹಾಡಿಗೂ ತಲೆ ಇರ್ಲಿಲ್ಲ, ಬಾಲದಲ್ಲಿ ಮಾತ್ರ ನಿರೂಪಕರ ಅರ್ಧ ವಾಕ್ಯ ಅಂಟ್ಕೊಂಡಿರ್ತಿತ್ತು. ಈಗ್ಲೂ ಆ ಹಾಡುಗಳನ್ನ ಪೂರ್ತಿ ಕೇಳಿದ್ರೆ ಶುರುವಿನ ಮ್ಯೂಸಿಕ್ಕು ಯಾರದ್ದೋ ಅನ್ಸುತ್ತೆ.

ಆಮೇಲೆ ಏನಾಯ್ತು? 1992ಕ್ಕೆ ಅದೇ ಎಂಟಿವಿಯಲ್ಲಿ 'ದಿ ರಿಯಲ್ ವರ್ಲ್ಡ್' ಬಂತು, ಏಳು ಜನರನ್ನ ಒಂದು ಮನೇಲಿ ಕೂರಿಸಿ ಜಗಳ ತೋರಿಸೋದು. ಹಾಡಾದ್ರೆ ನಾಲ್ಕು ನಿಮಿಷ, ಇಷ್ಟ ಆಗದಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ, ಜಗಳಕ್ಕಾದ್ರೆ ಅರ್ಧ ಗಂಟೆ ಅಲುಗಾಡದೆ ಕೂರ್ತಾರೆ. ಲೆಕ್ಕ ಸಿಂಪಲ್. 2010ರಲ್ಲಿ ಎಂಟಿವಿ ಲೋಗೋದಿಂದಾನೇ 'ಮ್ಯೂಸಿಕ್ ಟೆಲಿವಿಷನ್' ಅನ್ನೋ ಪದ ತೆಗೆದ್ರು, ಕನಿಷ್ಠ ಪ್ರಾಮಾಣಿಕತೆ ಆದ್ರೂ ಇತ್ತು ಅನ್ನಿ.

ಉಳಿದಿದ್ದು ಸ್ಪರ್ಧೆಗಳು. ಬ್ರಿಟನ್ನಲ್ಲಿ 2001ಕ್ಕೆ 'ಪಾಪ್ ಐಡಲ್', ಮಾರನೇ ವರ್ಷ 'ಅಮೆರಿಕನ್ ಐಡಲ್'. ಹುಡುಗಿ ಮೇಲಿನ ಸ್ವರ ಹಿಡಿಯೋ ಕ್ಷಣದಲ್ಲೇ ಕ್ಯಾಮೆರಾ ಜಡ್ಜ್ ಮುಖಕ್ಕೆ ಹೋಗುತ್ತೆ, ಅಲ್ಲಿಂದ ಅಮ್ಮನ ಕಣ್ಣೀರಿಗೆ. ಹಾಡು ಒಂದೂವರೆ ನಿಮಿಷ, ಅದರ ಬಗ್ಗೆ ಮಾತು ಐದು ನಿಮಿಷ.

ವಿರೋಧ: ನಷ್ಟ ಅನ್ನೋಕೆ ಇದ್ದಿದ್ದಾದ್ರೂ ಏನು?

ಮೇಲೆ ಬರ್ದಿರೋ ಮಹಾಶಯನಿಗೆ (ನನಗೇ) ಒಂದೇ ಪ್ರಶ್ನೆ. ಆ "ಆರಿಸೋರು" ಯಾರು? ಶುರುವಿನ ವರ್ಷಗಳಲ್ಲಿ ಎಂಟಿವಿ ಕಪ್ಪು ಕಲಾವಿದರ ವಿಡಿಯೋ ಹಾಕ್ತಿದ್ದಿದ್ದೇ ಅಪರೂಪ. 1983ರಲ್ಲಿ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅದೇ ಚಾನೆಲ್ಲಿನ ಸಂದರ್ಶನದಲ್ಲಿ ಕೂತು, ಇದು ಯಾಕೆ ಹೀಗೆ ಅಂತ ಮುಖಕ್ಕೇ ಕೇಳಿದ. ರಾಪ್ ಹಾಡುಗಳಿಗೇ ಅಂತ 'ಯೋ! ಎಂಟಿವಿ ರಾಪ್ಸ್' ಪ್ರೋಗ್ರಾಂ ಬರೋಕೆ 1988 ಆಗ್ಬೇಕಾಯ್ತು. ಅಂದ್ರೆ ಕಿವಿಗೆ ಬಿದ್ದ ಹಾಡಿನ ನೆನಪು ನಮಗಿದೆ, ಬೀಳದಂಗೆ ತಡೆದಿದ್ದರ ಲೆಕ್ಕ ಇಟ್ಟೋರು ಯಾರೂ ಇಲ್ಲ.

ಅದು ಬಿಡಿ, ಟಿವಿಯಲ್ಲಿ ಹಾಡ್ತಿದ್ರಾ ಅಸಲಿಗೆ? ಬಿಬಿಸಿಯ ಹಾಡಿನ ಪ್ರೋಗ್ರಾಂ 'ಟಾಪ್ ಆಫ್ ದಿ ಪಾಪ್ಸ್' 1964ರಿಂದ 2006ರ ತನಕ ವಾರಾವಾರ ಬಂತು, ಅದರಲ್ಲಿ ಬಹುಪಾಲು ತುಟಿ ಅಲ್ಲಾಡ್ಸೋದೇ. ಅದೇ ನಿರ್ವಾಣ 1991ರ ನವೆಂಬರಲ್ಲಿ ಅಲ್ಲಿಗೆ ಹೋದಾಗ ವಾದ್ಯ ಎಲ್ಲಾ ರೆಕಾರ್ಡಿಂಗು, ದನಿ ಮಾತ್ರ ಲೈವ್. ಬ್ಯಾಂಡಿನ ಗಾಯಕ ಕರ್ಟ್ ಕೊಬೈನ್ ಬೇಕಂತಾನೇ ದಪ್ಪ ದನಿ ಮಾಡ್ಕೊಂಡು ಎಳೆದೆಳೆದು ಹಾಡಿದ, ಗಿಟಾರ್ ಮೇಲೆ ಕೈ ಸುಮ್ನೆ ಆಡಿಸ್ದ. ನಾನು ಅದನ್ನ ನೋಡಿದ್ದು ಯೂಟ್ಯೂಬಲ್ಲಿ, ಟಿವಿಯಲ್ಲಲ್ಲ.

ಈಗ ನೋಡಿ, 2008ರಿಂದ ಎನ್‌ಪಿಆರ್ ಅನ್ನೋ ರೇಡಿಯೋ ಸಂಸ್ಥೆ ಆಫೀಸಿನ ಒಂದು ಮೇಜಿನ ಹಿಂದೆ ಕಲಾವಿದರನ್ನ ನಿಲ್ಲಿಸಿ 'ಟೈನಿ ಡೆಸ್ಕ್' ಅಂತ ಮಾಡ್ತಿದೆ. ಹೊಗೆ ಇಲ್ಲ, ಲೇಸರ್ ಇಲ್ಲ, ಹಿಂದೆ ಪುಸ್ತಕದ ಶೆಲ್ಫು, ಉಸಿರು ತಗೊಳ್ಳೋದೂ ಕೇಳುತ್ತೆ. ಟಿವಿ ಇಷ್ಟು ವರ್ಷದಲ್ಲಿ ಇದಕ್ಕೆ ಹತ್ರ ಬಂದಿದ್ದು 1989ರಲ್ಲಿ ಎಂಟಿವಿಯಲ್ಲೇ ಶುರುವಾದ, ಕರೆಂಟಿನ ವಾದ್ಯ ಬಿಟ್ಟು ಹಾಡಿಸ್ತಿದ್ದ 'ಅನ್‌ಪ್ಲಗ್ಡ್'ನಲ್ಲಿ, ಬಹುಶಃ ಅದೊಂದರಲ್ಲೇ. ಆಪ್ ಬಗ್ಗೆ ಹೇಳಿದ್ದು ಮಾತ್ರ ಒಪ್ತೀನಿ, ಅದು ಸರಿನೇ.

ಇನ್ನು ಹಳೇದನ್ನ ಟಿವಿಯವರು ಎಷ್ಟು ಜೋಪಾನ ಮಾಡಿದ್ರು ಗೊತ್ತಾ? ಬೀಟಲ್ಸ್ 1966ರ ಜೂನಲ್ಲಿ 'ಟಾಪ್ ಆಫ್ ದಿ ಪಾಪ್ಸ್' ಸ್ಟುಡಿಯೋಗೆ ಖುದ್ದಾಗಿ ಬಂದು ಕಾಣಿಸ್ಕೊಂಡಿದ್ರು, ಆಗ ಟೇಪ್ ದುಬಾರಿ ಅಂತ ಅಳಿಸಿ ಅದರ ಮೇಲೆ ಬೇರೆ ರೆಕಾರ್ಡ್ ಮಾಡೋದು ರೂಢಿ, ಹಾಗೆ ಆ ಎಪಿಸೋಡೂ ಹೋಯ್ತು. 2019ರಲ್ಲಿ ಅದರ ಕೆಲವೇ ಸೆಕೆಂಡಿನ ತುಣುಕು ಸಿಕ್ತು, ಸದ್ದಿಲ್ಲ. ಯಾರದ್ದೋ ಮನೇಲಿ ಟಿವಿ ಎದುರಿಗೆ ಪುಟ್ಟ ಫಿಲಂ ಕ್ಯಾಮೆರಾ ಹಿಡ್ಕೊಂಡು ಕೂತು ತೆಗ್ದಿದ್ದಂತೆ ಅದು. ಅವರದ್ದಕ್ಕೂ ತಲೆ ಇಲ್ಲ, ಬಾಲ ಇಲ್ಲ.