ಫೋನ್ ಕೈಯಲ್ಲಿರಲಿ, ಮಾತು ನಮ್ಮದಿರಲಿ

ಆ್ಯಪ್ ಇದ್ದರೆ ಭಾಷೆ ತಾನಾಗಿ ಬರುತ್ತೆ ಅನ್ನೋದರಲ್ಲಿ ನನಗಂತೂ ನಂಬಿಕೆ ಇಲ್ಲ. ಹಾಗಂತ ಫೋನನ್ನು ಬ್ಯಾಗಿಗೆ ಹಾಕಿ ಅನ್ನುವ ಮೇಷ್ಟ್ರ ಕಡೆಯೂ ನಾನಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ನಾನು ಹೋಗುವ ಸಂಜೆಯ ಜರ್ಮನ್ ಕ್ಲಾಸಿನಲ್ಲಿ ಈಚೆಗೆ ಬಾಡಿಗೆ ಮನೆ ಹುಡುಕುವ ಟಾಸ್ಕ್ ಕೊಟ್ಟರು. ಮೂರು ಮನೆಗಳ ಜಾಹೀರಾತು ನನ್ನ ಫೋನಿಗೆ ಬಂತು. ಮನೆ ಬೇಕಾದ ಕುಟುಂಬದ ವಿವರ ಇನ್ನೊಬ್ಬರ ಫೋನಿಗೆ: ಎಷ್ಟು ಜನ, ತಿಂಗಳಿಗೆ ಎಷ್ಟು ಕೊಡಬಲ್ಲರು, ನಾಯಿ ಇದೆಯಾ. ಪರದೆ ತೋರಿಸುವ ಹಾಗಿಲ್ಲ, ವಾಯ್ಸ್ ಮೆಸೇಜಿನಲ್ಲೇ ಕೇಳಿ ಹೇಳಿ ಒಂದು ಮನೆ ಒಪ್ಪಬೇಕು. ಇಲ್ಲಿ ಬಾಡಿಗೆ ಎರಡು ಥರ: ಬರೀ ಮನೆಯದು ಕಾಲ್ಟ್‌ಮೀಟೆ, ಹೀಟಿಂಗು ನೀರು ಎಲ್ಲ ಸೇರಿದ್ದು ವಾರ್ಮ್‌ಮೀಟೆ. ಯಾವುದು ಅಂತ ಕೇಳದೆ ಒಪ್ಪಿದರೆ ಲೆಕ್ಕ ಕೆಟ್ಟಿತು, ಹಾಗಾಗಿ ಹೆದರಿಕೊಂಡಾದರೂ ಬಾಯಿ ಬಿಡಲೇಬೇಕು. ಒಬ್ಬ ಪುಣ್ಯಾತ್ಮ ಜಾಹೀರಾತಿಗೆ ಕ್ಯಾಮೆರಾ ಹಿಡಿದು ಇಂಗ್ಲಿಷ್ ಮಾಡಿಕೊಂಡ. ಏನು ಬಂತು? ಬೇಕಾದ ಉತ್ತರ ಇದ್ದದ್ದು ಎದುರಿನವರ ಫೋನಿನಲ್ಲಿ.

ಹೀಗೆ ಕೆಲಸ ಕೊಟ್ಟು ಭಾಷೆ ಕಲಿಸೋದೇನು ಜರ್ಮನ್ನರ ಹೊಸ ಉಪಾಯ ಅಲ್ಲ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನಡೆಸಿದ ಪ್ರಯೋಗವನ್ನು ಜಗತ್ತು ಇವತ್ತಿಗೂ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತೆ. ವ್ಯಾಕರಣದ ಪಟ್ಟಿ ಪಕ್ಕಕ್ಕಿಟ್ಟು ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಮಕ್ಕಳಿಂದ ಲೆಕ್ಕಾಚಾರ ಮಾಡಿಸಿದರು. ಆದರೆ ಗುಂಪಿನಲ್ಲಿ ಮಾಡಿಸುವುದು ಪ್ರಭು ಅವರಿಗೆ ಹಿಡಿಸುತ್ತಿರಲಿಲ್ಲ, ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟುತ್ತೆ ಅಂತ. ಇಲ್ಲಿ ನಾನು ನಮ್ಮ ಟೀಚರ್ ಪರ. ವಾಯ್ಸ್ ಮೆಸೇಜ್ ಉಳಿದಿರುತ್ತಲ್ಲ, ಅವರು ಆಮೇಲೆ ಕೂತು ಕೇಳಿ ತಿದ್ದುತ್ತಾರೆ. ಅದಕ್ಕಿಂತ ಒಳ್ಳೇದು, ಕಳಿಸುವ ಮೊದಲು ನಾವೇ ಕೇಳಿ, ಛೆ ಅಂತ ಅಳಿಸಿ, ಮತ್ತೆ ಹೇಳುತ್ತೇವೆ. ಚಾಕ್‌ಪೀಸಿನಿಂದ ಇದು ಆಗುತ್ತಿರಲಿಲ್ಲ.

ಈಗಿನ ಬೆಂಗಳೂರು ನೋಡಿ. ಹೊರಗಿನಿಂದ ಬಂದವರು ಆಟೋ ಕರೆಯೋದು ಆ್ಯಪಿನಲ್ಲಿ, ದುಡ್ಡು ಕೊಡೋದು ಕ್ಯೂಆರ್ ಕೋಡಿಗೆ, ಬಂದ ಮೊತ್ತವನ್ನು ಅಂಗಡಿಯ ಡಬ್ಬವೇ ಕೂಗಿ ಹೇಳುತ್ತೆ. ಮಾತಾಡುವ ಸಂದರ್ಭವನ್ನೆಲ್ಲ ಹೀಗೆ ಕಿತ್ತುಕೊಂಡು, ಕನ್ನಡ ಕಲಿಯೋಕೆ ಅಂತ 'ಊಟ ಆಯ್ತಾ, ಎಷ್ಟು, ಬೇಡ' ಅನ್ನುವ ಪಟ್ಟಿ ಕೈಗೆ ಕೊಟ್ಟರೆ ಎಲ್ಲಿ ಬಳಸಬೇಕು ಅವರು?

ಪಟ್ಟಿ ಬದಲು ಒಂದು ಕೆಲಸ ಕೊಡಿ. ಗೀಸರ್ ಕೆಟ್ಟಿದೆ, ರಿಪೇರಿಯವರಿಗೆ ಫೋನ್ ಮಾಡಿ ಯಾವಾಗ ಬರ್ತೀರಿ, ಎಷ್ಟಾಗುತ್ತೆ ಅಂತ ಕನ್ನಡದಲ್ಲೇ ಕೇಳಿ, ಕರೆ ರೆಕಾರ್ಡ್ ಮಾಡಿಕೊಂಡು ಬನ್ನಿ (ಅವರಿಗೆ ಹೇಳಿಯೇ, ಕದ್ದು ಅಲ್ಲ). ಒಂದೇ ತೊಂದರೆ, ಆ ಕಡೆಯವರು ಎರಡನೇ ಮಾತಿಗೇ ಹಿಂದಿಗೆ ಹಾರಿದರೆ ಟಾಸ್ಕ್ ಅಲ್ಲಿಗೇ ಢಮಾರ್. ಅದಕ್ಕೆ ಯಾವ ಆ್ಯಪೂ ಇಲ್ಲ, ಅಲ್ವಾ?